ಮಳೆ ಬಂದರೆ ಬಾಜಿ ಯಾರದು?

ಕುದುರೆ ಜೂಜಿನಲ್ಲಿ ನ್ಯಾಯಾನ್ಯಾಯದ ಮಾತು ಬೇರೆ ಉಂಟೇ ಎಂದು ಓದುಗರಲ್ಲಿ ಕೆಲವರಾದರೂ ಹುಬ್ಬೇರಿಸಬಹುದು. ಹಣ ಕಟ್ಟಿದವನು ಕಳೆದುಕೊಳ್ಳುವುದಕ್ಕೂ ಸಿದ್ಧನಾಗಿಯೇ ಬಂದಿರುತ್ತಾನೆ, ಅವನ ಪರವಾಗಿ ವಕಾಲತ್ತು ಏಕೆ ಎಂಬುದು ಸಹಜವಾದ ಪ್ರಶ್ನೆಯೇ. ನಾನು ಜೂಜಿನ ಸಮರ್ಥಕನಲ್ಲ. ಆದರೆ ಸರ್ಕಾರವೇ ಪರವಾನಗಿ ಕೊಟ್ಟು, ತೆರಿಗೆ ಎತ್ತಿ, ನ್ಯಾಯಾಲಯಗಳು ಕಾನೂನುಬದ್ಧವೆಂದು ಮನ್ನಣೆ ನೀಡಿರುವ ಒಂದು ವ್ಯವಹಾರದಲ್ಲಿ ಕಟ್ಟಿದ ಹಣಕ್ಕೆ ಯಾವ ನಿಯಮ ಅನ್ವಯಿಸುತ್ತದೆ ಎಂದು ಕೇಳುವ ಹಕ್ಕು ಸಾಮಾನ್ಯ ಪ್ರಜೆಗೆ ಇದ್ದೇ ಇದೆ.

ಈ ಪ್ರಶ್ನೆ ನನ್ನ ತಲೆಯನ್ನು ಹೊಕ್ಕಿದ್ದು ಸುಮಾರು ಇಪ್ಪತ್ತು ವರ್ಷಗಳ ಹಿಂದೆ, ನಮ್ಮ ದೇಶದ ಒಂದು ರೇಸ್ ಮೈದಾನದಲ್ಲಿ, ಮಳೆಗಾಲದ ಒಂದು ಮಧ್ಯಾಹ್ನ. ಸ್ನೇಹಿತರೊಬ್ಬರ ಒತ್ತಾಯಕ್ಕೆ ಹೋಗಿದ್ದೆ. ಪಕ್ಕದಲ್ಲಿ ಕುಳಿತಿದ್ದವರು ನಿವೃತ್ತ ಗುಮಾಸ್ತರು. ಹಿಂದಿನ ರಾತ್ರಿಯೆಲ್ಲ ರೇಸ್ ಪುಸ್ತಕವನ್ನು ಓದಿ, ಪೆನ್ಸಿಲಿನಿಂದ ಗುರುತು ಹಾಕಿಕೊಂಡು ಬಂದಿದ್ದರು. ಸತತ ಐದು ಓಟಗಳ ವಿಜೇತರನ್ನು ಮುಂಚಿತವಾಗಿಯೇ ಹೆಸರಿಸಬೇಕಾದ ಜಾಕ್‌ಪಾಟ್ ಟಿಕೆಟ್ ಅವರ ಜೇಬಿನಲ್ಲಿತ್ತು. ಮೊದಲ ಎರಡು ಓಟಗಳು ಅವರು ಹೇಳಿದಂತೆಯೇ ಮುಗಿದವು. ಅಷ್ಟರಲ್ಲಿ ಆಕಾಶ ಕಳಚಿ ಬಿದ್ದಂತೆ ಮಳೆ. ಅರ್ಧ ಗಂಟೆಯ ನಂತರ ಮೂರನೆಯ ಓಟ ಆರಂಭವಾದಾಗ ಹುಲ್ಲಿನ ಹಾಸು ಕೆಸರುಗದ್ದೆಯಾಗಿತ್ತು. ಅವರ ಕುದುರೆ ಕೊನೆಯಿಂದ ಎರಡನೆಯದಾಗಿ ಬಂತು. ಅವರು ಸಿಟ್ಟಾಗಲಿಲ್ಲ. ‘ಸ್ವಾಮಿ, ನಾನು ದುಡ್ಡು ಕಟ್ಟಿದ್ದು ಗಟ್ಟಿ ನೆಲದ ಓಟಕ್ಕೆ. ಇವರು ಓಡಿಸಿದ್ದು ಕೆಸರಿನಲ್ಲಿ. ಇದು ಅದೇ ಓಟ ಹೇಗಾಯಿತು?’ ಎಂದು ಮಾತ್ರ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಟಿಕೆಟ್ ಕಿಟಕಿಯವರು ಪುಸ್ತಕದ ಹಿಂಬದಿಯ ಸಣ್ಣಕ್ಷರದ ನಿಯಮಗಳತ್ತ ಬೆರಳು ತೋರಿಸಿದರು. ಅದರಲ್ಲಿಯೂ ಉತ್ತರವಿರಲಿಲ್ಲ.

ಗುಮಾಸ್ತರ ಪ್ರಶ್ನೆಯನ್ನು ಕೆಸರೆರಚಾಟದ ಮಾತೆಂದು ತಳ್ಳಿಹಾಕುವಂತಿಲ್ಲ. ಕುದುರೆಗಳಲ್ಲಿ ಕೆಲವಕ್ಕೆ ಗಟ್ಟಿ ನೆಲ ಒಗ್ಗುತ್ತದೆ, ಕೆಲವಕ್ಕೆ ಮೆತ್ತನೆಯದು. ಗೊರಸಿನ ಆಕಾರ, ಹೆಜ್ಜೆಯ ಅಳತೆ, ದೇಹದ ತೂಕ, ವಂಶವಾಹಿ ಎಲ್ಲವೂ ಇದರಲ್ಲಿ ಪಾತ್ರ ವಹಿಸುತ್ತವೆ. ನೆಲದ ಗುಣವನ್ನು ಅಳೆಯಲೆಂದೇ ಭಾರತದ ರೇಸ್ ಮೈದಾನಗಳಲ್ಲಿ ಪೆನೆಟ್ರೋಮೀಟರ್ ಎಂಬ ಸಾಧನವಿದೆ. ನಿಗದಿತ ಎತ್ತರದಿಂದ ಬೀಳುವ ತೂಕವೊಂದು ಸರಳನ್ನು ಮಣ್ಣಿನೊಳಗೆ ಎಷ್ಟು ಆಳಕ್ಕೆ ತಳ್ಳುತ್ತದೆ ಎಂಬುದೇ ಅದರ ಲೆಕ್ಕ. ಆಳ ಹೆಚ್ಚಿದಷ್ಟೂ ನೆಲ ಮೆದು. ರೇಸಿನ ದಿನ ಪತ್ರಿಕೆಗಳಲ್ಲಿ ಆ ಅಂಕಿ ಅಚ್ಚಾಗುತ್ತದೆ. ಆಸ್ಟ್ರೇಲಿಯದಲ್ಲಿ 2014ರ ಕೊನೆಯಿಂದ 1ರಿಂದ 10ರವರೆಗಿನ ಏಕರೂಪದ ಶ್ರೇಣಿಯಿದೆ. 3 ಮತ್ತು 4 ಉತ್ತಮ ನೆಲ, 5ರಿಂದ 7 ಮೆದು, 8ರಿಂದ ಮೇಲೆ ಭಾರಿ ಕೆಸರು. ಇಷ್ಟೆಲ್ಲ ಅಳೆದು ಪ್ರಕಟಿಸುವುದರ ಅರ್ಥವೇನು? ನೆಲದ ಸ್ಥಿತಿ ಬಾಜಿಯ ಒಂದು ಭಾಗವೆಂದು ಸಂಘಟಕರೇ ಒಪ್ಪಿಕೊಂಡಂತಾಯಿತು. ಹಾಗಿದ್ದರೆ ಹಣ ಪಡೆದ ಮೇಲೆ ಆ ಭಾಗ ಬದಲಾದರೆ ಮುಂದೇನು?

ಈ ಪ್ರಶ್ನೆಯನ್ನು ಹೆಚ್ಚು ಗಂಭೀರವಾಗಿ ಎದುರಿಸಿರುವುದು ಅಮೆರಿಕ. ಅದಕ್ಕೆ ಕಾರಣವೂ ಇದೆ. ಅಲ್ಲಿನ ಅನೇಕ ಮೈದಾನಗಳಲ್ಲಿ ಎರಡು ಹಾದಿಗಳು: ಒಂದು ಹುಲ್ಲಿನದು, ಇನ್ನೊಂದು ಮಣ್ಣಿನದು. ಬೇಸಿಗೆಯಲ್ಲಿ ನ್ಯೂಯಾರ್ಕ್ ರಾಜ್ಯದ ಸರಟೋಗದಂಥ ಕಡೆ ಜೋರು ಮಳೆ ಸುರಿದರೆ, ಹುಲ್ಲು ಹಾಳಾಗದಿರಲೆಂದೂ ಕುದುರೆ, ಸವಾರರಿಗೆ ಅಪಾಯವಾಗದಿರಲೆಂದೂ ಹುಲ್ಲಿನ ಓಟವನ್ನು ಮಣ್ಣಿನ ಹಾದಿಗೆ ವರ್ಗಾಯಿಸುತ್ತಾರೆ. ಕಾಗದದ ಮೇಲೆ ಓಟ ಅದೇ. ವಾಸ್ತವದಲ್ಲಿ ಅದು ಇನ್ನೊಂದು ಓಟ. ಹುಲ್ಲಿನಲ್ಲಿ ಗೆಲ್ಲುತ್ತಿದ್ದ ಕುದುರೆ ಮಣ್ಣಿನಲ್ಲಿ ಹಿಂದೆ ಬೀಳಬಹುದು. ಎಷ್ಟೋ ಮಾಲೀಕರು ತಮ್ಮ ಕುದುರೆಯನ್ನು ಹಿಂತೆಗೆದುಕೊಳ್ಳುತ್ತಾರೆ. ಓಟ ಮಣ್ಣಿಗೆ ಬಂದರೆ ಮಾತ್ರ ಓಡುತ್ತೇವೆಂದು ಮೊದಲೇ ಹೆಸರು ನೋಂದಾಯಿಸಿದ ಕುದುರೆಗಳು ಅಖಾಡಕ್ಕಿಳಿಯುತ್ತವೆ. ಹನ್ನೆರಡು ಕುದುರೆಗಳ ಓಟ ಐದಕ್ಕೆ ಇಳಿದದ್ದೂ ಉಂಟು.

ಒಂದೇ ಓಟದ ಮೇಲೆ ಕಟ್ಟಿದ ಹಣದ ವಿಷಯದಲ್ಲಿ ಸಮಸ್ಯೆ ಅಷ್ಟಾಗಿ ಇಲ್ಲ. ಬದಲಾವಣೆ ಘೋಷಣೆಯಾದ ಮೇಲೂ ಓಟ ಆರಂಭವಾಗುವ ತನಕ ಸಮಯವಿರುತ್ತದೆ. ಮೈದಾನದಲ್ಲಿದ್ದವನು ಟಿಕೆಟ್ ರದ್ದು ಮಾಡಿಸಿ ಬೇರೆ ಕುದುರೆ ಹಿಡಿಯಬಹುದು. ಹಿಂತೆಗೆದ ಕುದುರೆಯ ಮೇಲಿನ ಹಣ ವಾಪಸು ಸಿಗುತ್ತದೆ. ಗಂಟು ಬೀಳುವುದು ನಾಲ್ಕು, ಐದು, ಆರು ಓಟಗಳನ್ನು ಒಟ್ಟಿಗೆ ಪೋಣಿಸಿದ ಬಾಜಿಗಳಲ್ಲಿ. ಮೊದಲ ಓಟಕ್ಕೆ ಬಾಗಿಲು ಮುಚ್ಚಿದ ಕ್ಷಣದಿಂದ ಟಿಕೆಟ್ ಬದಲಾಯಿಸುವಂತಿಲ್ಲ. ನಾಲ್ಕನೆಯ ಓಟ ಮಣ್ಣಿಗೆ ಹೋಯಿತೆಂದರೆ ಕೈಕಟ್ಟಿ ಕೂರಬೇಕು.

ಅಮೆರಿಕದ ರಾಜ್ಯಗಳ ರೇಸಿಂಗ್ ಆಯೋಗಗಳ ಸಂಘ ರೂಪಿಸಿರುವ ಮಾದರಿ ನಿಯಮ ಇದಕ್ಕೊಂದು ಪರಿಹಾರ ಹೇಳುತ್ತದೆ. ಬಾಜಿಯ ಬಾಗಿಲು ಮುಚ್ಚುವ ಮುನ್ನ ಸಾರ್ವಜನಿಕರಿಗೆ ತಿಳಿದಿರದಿದ್ದ ಹಾದಿ ಬದಲಾವಣೆ ನಂತರ ನಡೆದರೆ, ಆ ಓಟವನ್ನು ಆ ಬಾಜಿಯ ಮಟ್ಟಿಗೆ ‘ಎಲ್ಲರೂ ಗೆದ್ದ ಓಟ’ ಎಂದು ಸಾರಬೇಕು. ಯಾವ ಕುದುರೆಯನ್ನು ಬರೆದಿದ್ದರೂ ಆ ಓಟದಲ್ಲಿ ಟಿಕೆಟ್ ಗೆದ್ದಂತೆ. ಇಲ್ಲಿ ‘ಸಾರ್ವಜನಿಕರಿಗೆ ತಿಳಿದಿರದಿದ್ದ’ ಎಂಬ ಮಾತು ಬಹಳ ಮುಖ್ಯ. ಮಳೆಯಾಯಿತೇ ಇಲ್ಲವೇ ಎಂಬುದಕ್ಕಿಂತ ಹಣ ಕಟ್ಟಿದವನಿಗೆ ಏನು ಗೊತ್ತಿತ್ತು ಎಂಬುದೇ ಅಲ್ಲಿ ನಿರ್ಣಾಯಕ. ತಿಳಿದೂ ಕಟ್ಟಿದವನಿಗೆ ರಿಯಾಯಿತಿಯಿಲ್ಲ. ತಿಳಿಯದೆ ಕಟ್ಟಿದವನನ್ನು ತಿಳಿಯದ ವಿಷಯದ ಮೇಲೆ ಅಳೆಯುವಂತಿಲ್ಲ.

ಮೊದಲ ಬಾರಿ ಈ ನಿಯಮವನ್ನು ಓದಿದಾಗ ಇದು ಅನ್ಯಾಯವೆಂದೇ ನನಗೆ ತೋರಿತ್ತು. ಒಂದು ಉದಾಹರಣೆ ನೋಡಿ. ಐದು ಓಟಗಳ ಬಾಜಿಯಲ್ಲಿ ಒಬ್ಬಾತ ನಾಲ್ಕನೆಯ ಓಟಕ್ಕೆ ಒಂದೇ ಕುದುರೆ, ಉಳಿದ ನಾಲ್ಕಕ್ಕೂ ಎರಡೆರಡು ಕುದುರೆ ಬರೆದನೆನ್ನಿ. ಲೆಕ್ಕಕ್ಕೆ 16 ಟಿಕೆಟುಗಳಾದವು. ಇನ್ನೊಬ್ಬ ನಾಲ್ಕನೆಯ ಓಟಕ್ಕೆ ನಾಲ್ಕು ಕುದುರೆ, ಉಳಿದವುಗಳಲ್ಲಿ ಎರಡಕ್ಕೆ ಎರಡೆರಡು, ಮತ್ತೆರಡಕ್ಕೆ ಒಂದೊಂದು ಬರೆದ. ಅವನದೂ 16. ನಾಲ್ಕನೆಯ ಓಟ ‘ಎಲ್ಲರೂ ಗೆದ್ದ ಓಟ’ವಾದರೆ, ಉಳಿದೆಲ್ಲ ಸರಿಬಂದಲ್ಲಿ ಮೊದಲನೆಯವನ ಕೈಯಲ್ಲಿ ಒಂದು ಗೆಲುವಿನ ಟಿಕೆಟ್, ಎರಡನೆಯವನ ಕೈಯಲ್ಲಿ ನಾಲ್ಕು! ಇಬ್ಬರೂ ತೆತ್ತಿದ್ದು ಅಷ್ಟೇ ಹಣ. ಆದರೆ ನಿಧಾನವಾಗಿ ಕೂತು ಗುಣಿಸಿದರೆ ತಕರಾರು ಕರಗುತ್ತದೆ. ಎರಡನೆಯವನು ಉಳಿದ ನಾಲ್ಕು ಓಟಗಳಲ್ಲಿ ಆವರಿಸಿದ್ದು ನಾಲ್ಕೇ ಸಾಧ್ಯತೆಗಳನ್ನು, ಮೊದಲನೆಯವನು ಹದಿನಾರನ್ನು. ಒಬ್ಬನಿಗೆ ಅವಕಾಶ ಹೆಚ್ಚು, ಇನ್ನೊಬ್ಬನಿಗೆ ಪ್ರತಿಫಲ ಹೆಚ್ಚು. ಟಿಕೆಟ್ಟಿಗೆ ಟಿಕೆಟ್ ಎಲ್ಲವೂ ಸಮಾನ. ಹಣದ ಲೆಕ್ಕದಲ್ಲಿ ನಿಯಮ ಯಾರಿಗೂ ಮೋಸ ಮಾಡಿಲ್ಲ.

ಅದು ಕಸಿದುಕೊಂಡದ್ದು ಬೇರೆ. ನಾಲ್ಕನೆಯ ಓಟಕ್ಕೆ ಒಂದೇ ಕುದುರೆ ಬರೆದವನು ಆ ಓಟವನ್ನು ಉಳಿದವರಿಗಿಂತ ಚೆನ್ನಾಗಿ ಅರಿತಿದ್ದನೆಂದು ಇಟ್ಟುಕೊಳ್ಳೋಣ. ಅವನ ಅಧ್ಯಯನಕ್ಕೆ ಬೆಲೆಯಿಲ್ಲದಂತಾಯಿತು. ಹಾಗೆಂದು ಮಣ್ಣಿನ ಮೇಲಿನ ಫಲಿತಾಂಶವನ್ನೇ ಅಂಗೀಕರಿಸಿದರೆ? ಆಗಲೂ ಅಧ್ಯಯನಕ್ಕೆ ಬೆಲೆಯಿಲ್ಲ, ಜೊತೆಗೆ ಲಾಟರಿಯ ಚೀಟಿ ಎತ್ತಿದಂತಾಗುತ್ತದೆ. ಅಮೆರಿಕದ ನಿಯಮ ಎರಡು ಕೆಡುಕುಗಳಲ್ಲಿ ಸಣ್ಣದನ್ನು ಆರಿಸಿಕೊಂಡಿದೆ: ಅದೃಷ್ಟಕ್ಕೆ ಪಟ್ಟ ಕಟ್ಟುವ ಬದಲು ಯಾರನ್ನೂ ಪರೀಕ್ಷಿಸದೆ ಬಿಡುವುದು. ಇದನ್ನು ನಾನು ಒಪ್ಪುತ್ತೇನೆ.

ಅಲ್ಲಿಯದೇ ಇನ್ನೊಂದು ನಿಯಮವನ್ನು ಮಾತ್ರ ಒಪ್ಪಲಾರೆ. ಇಂಥ ಬಾಜಿಗಳಲ್ಲಿ ಬರೆದ ಕುದುರೆ ಕೊನೆಗಳಿಗೆಯಲ್ಲಿ ಹಿಂತೆಗೆಯಲ್ಪಟ್ಟರೆ ಅದರ ಜಾಗಕ್ಕೆ ಓಟದ ಹೊತ್ತಿಗೆ ಅತಿ ಹೆಚ್ಚು ಹಣ ಕಟ್ಟಿಸಿಕೊಂಡ ನೆಚ್ಚಿನ ಕುದುರೆಯನ್ನು ತಾನಾಗಿಯೇ ಸೇರಿಸುವ ಪದ್ಧತಿ ಅನೇಕ ಕಡೆ ಇದೆ. ನೆಚ್ಚಿನ ಕುದುರೆ ಸೋಲುತ್ತದೆಂಬ ಖಚಿತ ಅಭಿಪ್ರಾಯದಿಂದಲೇ ಬೇರೊಂದನ್ನು ಬರೆದವನ ಕೊರಳಿಗೆ ಅದೇ ಕುದುರೆಯನ್ನು ಕಟ್ಟಿದರೆ ಹೇಗೆ? 2021ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯದ ಡೆಲ್ ಮಾರ್‌ನಲ್ಲಿ ನಡೆದ ಬ್ರೀಡರ್ಸ್ ಕಪ್ ಓಟವೊಂದರಲ್ಲಿ ಇಂಥ ನಿಯಮಗಳ ಬಣ್ಣ ಬಯಲಾಯಿತು. ಮಾಡರ್ನ್ ಗೇಮ್ಸ್ ಎಂಬ ಕುದುರೆಯನ್ನು ತಪ್ಪು ಗ್ರಹಿಕೆಯಿಂದ ಹಿಂತೆಗೆದು, ಬಳಿಕ ತಪ್ಪರಿತು, ಬಹುಮಾನದ ಹಣಕ್ಕೆ ಮಾತ್ರ ಓಡಲು ಬಿಟ್ಟರು. ಬಾಜಿಯ ಲೆಕ್ಕಕ್ಕೆ ಅದು ಇಲ್ಲ. ಅದೇ ಗೆದ್ದಿತು. ಗೆದ್ದ ಕುದುರೆಗೆ ಪ್ರೇಕ್ಷಕರು ಧಿಕ್ಕಾರ ಕೂಗಿದರು. ಪಾಪ, ಕುದುರೆಯದೇನು ತಪ್ಪು. ಅಲ್ಲಿ ಮಳೆಯ ಸುಳಿವಿರಲಿಲ್ಲ ನಿಜ. ಆದರೆ ಬಾಗಿಲು ಮುಚ್ಚಿದ ಮೇಲೆ ಷರತ್ತು ಬದಲಾದರೆ ಜನ ಹೇಗೆ ಕೆರಳುತ್ತಾರೆ ಎಂಬುದಕ್ಕೆ ಆ ದಿನ ಸಾಕ್ಷಿ.

ಹಾದಿಯೇ ಬದಲಾಗದೆ ಅದರ ತೇವ ಮಾತ್ರ ಬದಲಾದರೆ ಅಮೆರಿಕದಲ್ಲೂ ಪರಿಹಾರವಿಲ್ಲ. 2018ರ ಕೆಂಟಕಿ ಡರ್ಬಿ ಆ ಓಟದ ಇತಿಹಾಸದಲ್ಲೇ ಅತಿ ಹೆಚ್ಚು ಮಳೆ ಸುರಿದ ದಿನ ನಡೆಯಿತು. 2019ರದು ಮತ್ತು 2025ರದು ಕೂಡ ನೀರು ನಿಂತ ಹಾದಿಯಲ್ಲೇ ನಡೆದವು. ಹಣ ವಾಪಸು ಕೊಡಿ ಎಂದು ಯಾರೂ ಕೇಳಲಿಲ್ಲ. ಮಣ್ಣು ಒದ್ದೆಯಾಗುವುದು ಆಟದ ಭಾಗ, ಮಣ್ಣು ಹುಲ್ಲಾಗುವುದು ಆಟದ ಹೊರಗಿನದು ಎಂಬುದು ಅಲ್ಲಿನ ಗೆರೆ. ಬ್ರಿಟನ್ ಇನ್ನೂ ಕಠಿಣ. ಓಟಕ್ಕೆ ವಾರಗಳ ಮುಂಚೆ ಬುಕ್ಕಿಗಳ ಬಳಿ ಕಟ್ಟಿದ ಹಣ, ಕುದುರೆ ಓಡಲಿ ಬಿಡಲಿ, ಸಾಮಾನ್ಯವಾಗಿ ಹೋದದ್ದೇ. 2020ರಲ್ಲಿ ಗಿನೀಸ್, ಓಕ್ಸ್ ಗೆದ್ದಿದ್ದ ಲವ್ ಎಂಬ ಹೆಣ್ಣುಕುದುರೆಯನ್ನು ಪ್ಯಾರಿಸಿನ ಆರ್ಕ್ ಓಟದಿಂದ, ನೆಲ ತೀರಾ ಮೆದುವಾಗುತ್ತಿದೆಯೆಂದು, ಕೆಲವೇ ದಿನ ಮುಂಚೆ ಹಿಂತೆಗೆದರು. ಅದರ ಮೇಲೆ ಮುಂಗಡ ಹಣ ಹೂಡಿದವರು ಮಳೆಯನ್ನು ಶಪಿಸಿ ಸುಮ್ಮನಾದರು. ಮುಂಗಡದವನಿಗೆ ಹೆಚ್ಚು ದರ ಸಿಗುವುದೇ ಈ ಅಪಾಯ ಹೊತ್ತಿದ್ದಕ್ಕೆ ಎಂಬುದು ಅಲ್ಲಿನ ಸಮರ್ಥನೆ, ಅದರಲ್ಲಿ ಹುರುಳಿದೆ. ಅಂತಿಮ ಪಟ್ಟಿ ಪ್ರಕಟವಾದ ಮೇಲೆ ಕಟ್ಟಿದ ಹಣಕ್ಕೆ ಮಾತ್ರ ಬೇರೆ ನ್ಯಾಯ. ಹಿಂತೆಗೆದ ಕುದುರೆಯ ಹಣ ವಾಪಸು, ಉಳಿದವರ ಗೆಲುವಿನಲ್ಲಿ ಆ ಕುದುರೆಯ ಬಲಕ್ಕೆ ತಕ್ಕ ಕಡಿತ. ಪೌಂಡಿಗೆ 90 ಪೆನ್ಸ್‌ವರೆಗೂ ಕಡಿತವಾಗಬಹುದು. 14ಕ್ಕೆ 1ರ ದರಕ್ಕಿಂತ ದುರ್ಬಲವಾದ ಕುದುರೆಗೆ ಕಡಿತವೇ ಇಲ್ಲ.

ಇವೆಲ್ಲ ದೂರದ ದೇಶಗಳ ಸಂಗತಿ, ನಮಗೇನು ಎನ್ನಬೇಡಿ. ಬೆಂಗಳೂರಿನ ‘ಬೇಸಿಗೆ ಋತು’ವಿನ ರೇಸುಗಳು ಹೆಸರಿಗಷ್ಟೇ ಬೇಸಿಗೆ. ಮೇ ತಿಂಗಳಲ್ಲಿ ಆರಂಭವಾಗಿ ಮುಂಗಾರಿನ ನಡುವೆಯೇ ಸಾಗುವುದು ಪರಂಪರೆ. ಅದು ಮುಗಿಯುತ್ತಿದ್ದಂತೆ ಮೈಸೂರಿನ ಸರದಿ, ಅದೂ ಮಳೆಯಲ್ಲೇ. ಮುಂಬೈಯವರು ಮಳೆಗಾಲಕ್ಕೆ ಮಹಾಲಕ್ಷ್ಮಿಯ ಮೈದಾನ ಮುಚ್ಚಿ ಪುಣೆಗೆ ಹೋಗುತ್ತಾರೆ. ನಮ್ಮಲ್ಲಿ ಓಟ ನಡೆಯುವುದು ಹುಲ್ಲಿನ ಮೇಲೆ ಮಾತ್ರ. ವರ್ಗಾಯಿಸಲು ಇನ್ನೊಂದು ಹಾದಿಯಿಲ್ಲ. ಹೀಗಾಗಿ ಅಮೆರಿಕದವರ ಸುಲಭದ ಗೆರೆ ನಮಗೆ ಒದಗುವುದಿಲ್ಲ. ಮಳೆ ಸುರಿದಾಗ ನಮ್ಮ ಸ್ಟುವಾರ್ಡ್‌ಗಳ ಮುಂದಿರುವ ದಾರಿಗಳು ಕೆಲವೇ: ಓಡಿಸುವುದು, ತಾತ್ಕಾಲಿಕ ಬೇಲಿ ಸರಿಸಿ ಹಾಳಾಗದ ಹುಲ್ಲಿನ ಮೇಲೆ ಓಡಿಸುವುದು, ಇಲ್ಲವೇ ರದ್ದು ಮಾಡುವುದು.

ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಬೇರೆಡೆ ಇಲ್ಲದ ಒಂದು ತೂಕವಿದೆ. ಅದು ಬಂದಿರುವುದು ಸುಪ್ರೀಂ ಕೋರ್ಟಿನಿಂದ. 1996ರಲ್ಲಿ ಕೆ.ಆರ್. ಲಕ್ಷ್ಮಣನ್ ವಿರುದ್ಧ ತಮಿಳುನಾಡು ಸರ್ಕಾರ ಪ್ರಕರಣದಲ್ಲಿ ನ್ಯಾಯಾಲಯ ಕುದುರೆ ಓಟವನ್ನು ಪ್ರಧಾನವಾಗಿ ಕೌಶಲದ ಆಟವೆಂದು ಪರಿಗಣಿಸಿತು. ತರಬೇತಿಯಿಂದ ಕುದುರೆ ಗಳಿಸಿದ ವೇಗ, ತ್ರಾಣ, ಸವಾರನ ನೈಪುಣ್ಯ ಇವು ಫಲಿತಾಂಶವನ್ನು ನಿರ್ಧರಿಸುತ್ತವೆ, ಇವನ್ನು ಅರಿತು ಅಂದಾಜಿಸಬಹುದು ಎಂಬುದು ತೀರ್ಪಿನ ಜೀವಾಳ. ಉಳಿದ ಜೂಜುಗಳ ಮೇಲೆ ಕತ್ತಿ ಬೀಸುವಾಗಲೂ ಶಾಸಕಾಂಗಗಳು ರೇಸನ್ನು ಹೊರಗಿಟ್ಟಿವೆ. 2021ರಲ್ಲಿ ಕರ್ನಾಟಕ ಆನ್‌ಲೈನ್ ಜೂಜಿನ ವಿರುದ್ಧ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿಯಲ್ಲಿಯೂ ಕುದುರೆ ಓಟದ ಬಾಜಿಗೆ ವಿನಾಯಿತಿಯಿತ್ತು. ಆ ತಿದ್ದುಪಡಿಯ ಮುಖ್ಯಾಂಶಗಳನ್ನು 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ತಳ್ಳಿಹಾಕಿದ್ದು ಬೇರೆ ಕಥೆ.

ರೇಸಿನ ಬಾಜಿ ಬದುಕಿರುವುದೇ ‘ಕೌಶಲ’ ಎಂಬ ಒಂದು ಪದದ ಆಸರೆಯಲ್ಲಿ. ಹಾಗಿರುವಾಗ ಕೌಶಲ ಪ್ರಯೋಗಕ್ಕೆ ಆಧಾರವಾದ ಮಾಹಿತಿ ಹಣ ಕಟ್ಟಿದ ಮೇಲೆ ಸುಳ್ಳಾದರೆ, ಅಲ್ಲಿಂದ ಮುಂದೆ ನಡೆಯುವುದು ಕೌಶಲದ ಆಟವೇ? ನಳಚರಿತ್ರೆಯನ್ನು ಕೇಳಿ ಬೆಳೆದ ನಮಗೆ ಇದು ಹೊಸ ಪ್ರಶ್ನೆಯಲ್ಲ. ಅಶ್ವಹೃದಯ ಬಲ್ಲ ನಳ ಪಗಡೆಯಲ್ಲಿ ರಾಜ್ಯ ಕಳೆದುಕೊಂಡ. ಋತುಪರ್ಣನಿಗೆ ಅಶ್ವವಿದ್ಯೆ ಕೊಟ್ಟು ಅಕ್ಷಹೃದಯ ಪಡೆದ ಮೇಲೆಯೇ ಅದನ್ನು ಮರಳಿ ಗೆದ್ದ. ಕುದುರೆಯ ವಿದ್ಯೆ ಬೇರೆ, ದಾಳದ ವಿದ್ಯೆ ಬೇರೆ ಎಂಬ ಅರಿವು ಪುರಾಣಕಾರರಿಗೇ ಇತ್ತು. ಮಳೆಯಲ್ಲಿ ಮೊದಲನೆಯದು ಎರಡನೆಯದಾಗಿ ಬದಲಾಗುವ ಗಳಿಗೆಯನ್ನು ಗುರುತಿಸುವುದು ಕ್ಲಬ್ಬುಗಳ ಖಾಸಗಿ ವ್ಯವಹಾರವೆಂದು ನಾನು ಭಾವಿಸಲಾರೆ.

ಇನ್ನೊಂದು ಅಂಶವನ್ನು ಮರೆಯಬಾರದು. ಟೋಟ್ ವ್ಯವಸ್ಥೆಯಲ್ಲಿ ಜನ ಕಟ್ಟಿದ ಹಣವೆಲ್ಲ ಒಂದು ಮಡಕೆಗೆ ಬಿದ್ದು, ತೆರಿಗೆ ಮತ್ತು ಕ್ಲಬ್ಬಿನ ಪಾಲು ಕಳೆದು, ಉಳಿದದ್ದು ಗೆದ್ದವರಿಗೆ ಹಂಚಿಕೆಯಾಗುತ್ತದೆ. ಒಬ್ಬನಿಗೆ ತೋರಿದ ಔದಾರ್ಯ ಇನ್ನೊಬ್ಬನ ಜೇಬಿನಿಂದಲೇ ಬರಬೇಕು. ಮೈದಾನದ ಹುಲ್ಲನ್ನು ಬೆಳಿಗ್ಗೆ ತುಳಿದು ನೋಡಿದ ಲಾಯದವರು, ಅವರ ಪರಿಚಯಸ್ಥರು ಒಂದು ಕಡೆ. ಊರಾಚೆಯ ಕೇಂದ್ರದಲ್ಲಿ ಪರದೆ ನೋಡಿ ಹಣ ಕಟ್ಟುವ ಸಾಮಾನ್ಯ ಪಂಟರ್ ಇನ್ನೊಂದು ಕಡೆ. ಬೆಳಗಿನ ಅಂಕಿಯನ್ನೇ ನಂಬಿ ಮಧ್ಯಾಹ್ನ ಮೂರಕ್ಕೆ ಹಣ ಹಾಕಿದವನು, ಗೊತ್ತಿಲ್ಲದೆಯೇ, ಗೊತ್ತಿದ್ದವನಿಗೆ ಕಾಣಿಕೆ ಒಪ್ಪಿಸುತ್ತಿರುತ್ತಾನೆ. 2025ರ ಸೆಪ್ಟೆಂಬರ್ 22ರಿಂದ ಬಾಜಿಯ ಮೇಲಿನ ಜಿಎಸ್‌ಟಿ ಶೇ 40ಕ್ಕೆ ಏರಿದೆ. ಇಷ್ಟು ದೊಡ್ಡ ಪಾಲು ಎತ್ತುವ ಸರ್ಕಾರಕ್ಕೆ, ಉಳಿದದ್ದರ ಹಂಚಿಕೆ ನೆಟ್ಟಗಿದೆಯೇ ಎಂದು ವಿಚಾರಿಸುವ ಹೊಣೆ ಇಲ್ಲವೆನ್ನಲಾದೀತೇ?

ಹಣದ ಮಾತಿಗಿಂತ ದೊಡ್ಡದು ಪ್ರಾಣದ ಮಾತು. 2019ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಓಟವೊಂದರಲ್ಲಿ ಕುದುರೆಗಳು ಮುಗ್ಗರಿಸಿ ಬಿದ್ದಾಗ ಉದ್ರಿಕ್ತ ಜನ ದಾಂಧಲೆ ನಡೆಸಿದ್ದನ್ನು ಓದುಗರು ಮರೆತಿರಲಾರರು. ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗದಲ್ಲಿ, ಸುಮಾರು 450 ಕಿಲೋ ತೂಕದ ಪ್ರಾಣಿಯ ಬೆನ್ನ ಮೇಲೆ ತಿರುವಿನಲ್ಲಿ ಸಾಗುವ ಜಾಕಿಗೆ ಜಾರು ನೆಲವೆಂದರೆ ಸಾವಿನೊಡನೆ ಸರಸ. ಇಂಥ ಹೊತ್ತಿನಲ್ಲಿ ಓಟ ನಿಲ್ಲಿಸಬೇಕೇ ಎಂದು ನಿರ್ಧರಿಸುವ ಸ್ಟುವಾರ್ಡ್‌ಗಳ ಮನಸ್ಸಿನಲ್ಲಿ ಸ್ಟ್ಯಾಂಡಿನಲ್ಲಿ ಗದ್ದಲವೆಬ್ಬಿಸಬಹುದಾದ ಸಾವಿರಾರು ಜನರ ಭಯವೂ ಕುಳಿತಿರುತ್ತದೆ. ರದ್ದಾದರೆ ಯಾವ ಟಿಕೆಟ್ಟಿಗೆ ಎಷ್ಟು ಎಂಬುದು ಎಲ್ಲರಿಗೂ ಮೊದಲೇ ಗೊತ್ತಿದ್ದರೆ ಆ ಭಯ ಅರ್ಧ ಇಳಿಯುತ್ತದೆ. ಹಣದ ನಿಯಮ ಅಸ್ಪಷ್ಟವಾಗಿದ್ದಷ್ಟೂ ಓಡಿಸಿಬಿಡುವುದೇ ಸುಲಭವಾಗಿ ಕಾಣುತ್ತದೆ. ಪ್ರಾಣಿದಯೆಯ ಸಂಘಟನೆಗಳೂ ಈ ಕೊಂಡಿಯತ್ತ ಗಮನ ಹರಿಸಬೇಕು.

ಹಾಗಾದರೆ ಗೆರೆ ಎಲ್ಲಿ ಎಳೆಯಬೇಕು? ತುಂತುರು ಮಳೆಗೆಲ್ಲ ಹಣ ವಾಪಸು ಕೊಡುತ್ತಾ ಹೋದರೆ ಬಾಜಿಯೇ ಉಳಿಯದು; ಮಳೆಗಾಲದಲ್ಲಿ ಮಳೆಯನ್ನು ಊಹಿಸುವುದೂ ಕೌಶಲವೇ ಎಂಬ ವಾದವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಳತೆಗೆ ಸಾಧನ ನಮ್ಮ ಕೈಯಲ್ಲೇ ಇದೆ. ಜಾಕ್‌ಪಾಟ್ ಮುಚ್ಚುವ ಮುನ್ನ ಒಮ್ಮೆ, ಅದರೊಳಗಿನ ಪ್ರತಿ ಓಟಕ್ಕೂ ಮುನ್ನ ಮತ್ತೊಮ್ಮೆ ಪೆನೆಟ್ರೋಮೀಟರ್ ಇಳಿಸಿ, ಅಂಕಿಯನ್ನು ಮೈದಾನದಲ್ಲೂ ಹೊರಕೇಂದ್ರಗಳಲ್ಲೂ ಏಕಕಾಲಕ್ಕೆ ತೋರಿಸಬಹುದು. ಎರಡು ಅಂಕಿಗಳ ಅಂತರ ಪೂರ್ವಪ್ರಕಟಿತ ಮಿತಿಯನ್ನು ದಾಟಿದರೆ ಆ ಓಟ ಜಾಕ್‌ಪಾಟಿನ ಮಟ್ಟಿಗೆ ‘ಎಲ್ಲರೂ ಗೆದ್ದ ಓಟ’. ಮಿತಿ ಎಷ್ಟಿರಬೇಕೆಂಬುದನ್ನು ತರಬೇತುದಾರರು, ಜಾಕಿಗಳು, ಪಶುವೈದ್ಯರು ಕುಳಿತು ಋತುವಿನ ಆರಂಭದಲ್ಲೇ ನಿಗದಿಪಡಿಸಲಿ. ಮಳೆ ಸುರಿಯುತ್ತಿರುವಾಗ, ಮಡಕೆಯಲ್ಲಿ ಎಷ್ಟು ಹಣವಿದೆಯೆಂದು ತಿಳಿದ ಮೇಲೆ ಅಲ್ಲ. ಕುದುರೆ ಹಿಂತೆಗೆದರೆ ಬದಲಿ ಯಾವುದೆಂದು ಟಿಕೆಟ್ ಕೊಳ್ಳುವಾಗಲೇ ಬರೆಯುವ ಅವಕಾಶ ಪಂಟರಿಗಿರಲಿ. ನೆಚ್ಚಿನ ಕುದುರೆಯನ್ನು ಅವನ ಮೇಲೆ ಹೇರುವುದು ಬೇಡ. ಎರಡು ಅಥವಾ ಹೆಚ್ಚು ಓಟಗಳು ರದ್ದಾದರೆ ಎಷ್ಟನ್ನು ಹಂಚಬೇಕು, ಎಷ್ಟನ್ನು ಮರಳಿಸಬೇಕು ಎಂಬುದೂ ಸಣ್ಣಕ್ಷರದಿಂದ ಮುಖಪುಟಕ್ಕೆ ಬರಲಿ.

ಬುಕ್ಕಿಗಳ ವಿಷಯ ಬೇರೆ. ಅಲ್ಲಿ ಒಪ್ಪಂದ ಇಬ್ಬರ ನಡುವಿನದು, ದರವೂ ಆಗಲೇ ಗೊತ್ತಾಗಿರುತ್ತದೆ. ಬ್ರಿಟಿಷರ ಕಡಿತದ ಕೋಷ್ಟಕದಂಥದ್ದನ್ನು ಎದ್ದುಕಾಣುವಂತೆ ತೂಗುಹಾಕಿದರೆ ಸಾಕು.

ಇದಕ್ಕೆ ಹೊಸ ಶಾಸನದ ಅಗತ್ಯವಿಲ್ಲ. 1952ರ ಮೈಸೂರು ರೇಸ್ ಕೋರ್ಸ್ ಪರವಾನಗಿ ಕಾಯ್ದೆಯಡಿ ರೇಸಿಗೆ ಸರ್ಕಾರದ ಪರವಾನಗಿ ಬೇಕೇ ಬೇಕು, ಪರವಾನಗಿಯ ಜೊತೆಗೆ ಷರತ್ತುಗಳೂ ಇರುತ್ತವೆ. ಮೈದಾನ ಊರೊಳಗಿರಬೇಕೇ ಹೊರಗೆ ಹೋಗಬೇಕೇ, ಗುತ್ತಿಗೆ ಹಣ ಎಷ್ಟು ಎಂಬ ಜಗಳದಲ್ಲಿ ಸರ್ಕಾರ ಮತ್ತು ಕ್ಲಬ್ ವರ್ಷಗಟ್ಟಲೆ ಕಳೆದಿವೆ. ಮುಂದಿನ ಪರವಾನಗಿಗೆ ಸಹಿ ಹಾಕುವ ಅಧಿಕಾರಿ ಅದಕ್ಕೆ ಇನ್ನೊಂದು ಪುಟ ಸೇರಿಸಿದರೆ, ಕಿಟಕಿಯ ಮುಂದೆ ನಿಂತು ಆ ಗುಮಾಸ್ತರು ಕೇಳಿದ ಪ್ರಶ್ನೆಗೆ ಅಚ್ಚಾದ ಉತ್ತರವೊಂದು ಸಿಕ್ಕೀತು.